ನಡುವೆ ಹುಲ್ಲು, ದಕ್ಷಿಣಕ್ಕೆ ಬಾಗಿಲು

ನನ್ನ ಗಂಡ ನಾಸಿಕದಾಚೆ ಓಝರ್ ಬಳಿಯ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದರು. ಅರವತ್ತರ ದಶಕದ ಕೊನೆಯಲ್ಲಿ ತರಬೇತಿಗೆಂದು ಇಂಗ್ಲೆಂಡಿಗೆ ಹೋಗಿ ಬಂದವರು ನನಗೊಂದು ಸ್ವೆಟರ್ ಕೂಡ ತರಲಿಲ್ಲ. ತಲೆಯಲ್ಲಿ ಒಂದು ಹಳ್ಳಿ ತುಂಬಿಕೊಂಡು ಬಂದರು.

ಅವರು ಬಾಡಿಗೆಗಿದ್ದ ಹಳ್ಳಿ ಅದು. ನೂರಾರು ವರ್ಷಗಳ ಹಿಂದೆ, ದೊರೆಯ ಹೊಲ ಉಳುತ್ತಿದ್ದ ರೈತರು ಕಟ್ಟಿಕೊಂಡದ್ದಂತೆ. ನಡುವೆ ಉದ್ದನೆಯ ಹುಲ್ಲಿನ ಬಯಲು, ಅದರ ತುದಿಗೆ ಚರ್ಚು, ಎರಡೂ ಬದಿಗೆ ಬಯಲಿನತ್ತ ಮುಖ ಮಾಡಿದ ಮನೆಗಳ ಸಾಲು. ಪ್ರತಿ ಮನೆಯ ಹಿಂದೆ ಉದ್ದ ಹಿತ್ತಲು, ಅದರಾಚೆ ಪಟ್ಟಿ ಪಟ್ಟಿಯಾಗಿ ಹಂಚಿಕೊಂಡ ಹೊಲ. ನಾನು ಕಲಸಿಟ್ಟ ಚಪಾತಿ ಹಿಟ್ಟಿನ ಮೇಲೂ ಬೆರಳಿನಿಂದ ಅದರ ನಕ್ಷೆ ಬರೆದು ತೋರಿಸುತ್ತಿದ್ದರು.

“ದನಾ ಮೇಯಿಸೋ ಗಾಯರಾಣ ನಮ್ಮೂರಾಗೂ ಐತಲ್ರಿ. ಅದನ್ನ ನೋಡಾಕ ವಿಲಾಯತಿಗೆ ಹೋಗಬೇಕಿತ್ತೇನು?” ಎಂದು ನಾನು ಕಾಡುತ್ತಿದ್ದೆ.

“ಐತಿ. ಆದ್ರ ಅಲ್ಲಿ ಬಾಗಲಾ ತಗದ್ರ ಇಡೀ ಊರಿನ ಮುಖಾ ಕಾಣತಿತ್ತು,” ಎನ್ನುತ್ತಿದ್ದರು.

ನನಗೆ ಬೇಕಿದ್ದದ್ದು ಬೇರೆ. ನಾಸಿಕದ ಪಂಚವಟಿಯಲ್ಲಿ, ಬಾಡಿಗೆ ಮನೆಯ ಕತ್ತಲೆ ಕೋಣೆಯಲ್ಲಿ ಅಡಿಗೆ ಮಾಡುತ್ತ ನಾನು ದೇವರಲ್ಲಿ ಬೇಡಿದ್ದು ಪೂರ್ವಕ್ಕೆ ಬಾಗಿಲಿರುವ ಸ್ವಂತ ಮನೆ.

ನಾಸಿಕದ ಕನ್ನಡದವರು ಕೆಲವರು ಸೇರಿ ಊರಾಚೆ ಜಮೀನು ಕೊಂಡಾಗ ನಕ್ಷೆಯ ಕೆಲಸ ಇವರ ಪಾಲಿಗೆ ಬಂತು. ಕೇಳಬೇಕೇ, ಅದೇ ಹಳ್ಳಿಯನ್ನು ತಂದು ಇಳಿಸಿದರು. ಚರ್ಚಿನ ಜಾಗದಲ್ಲಿ ಬಾವಿ. ಆದರೆ ಜಮೀನು ಪೂರ್ವ–ಪಶ್ಚಿಮಕ್ಕೆ ಉದ್ದವಾಗಿದ್ದರಿಂದ ಒಂದು ಸಾಲಿನ ಬಾಗಿಲುಗಳೆಲ್ಲ ದಕ್ಷಿಣಕ್ಕೆ ಬಂದವು. ಇಂಗ್ಲಿಷರಿಗೆ ಬಿಸಿಲು ಬಿದ್ದರೆ ಸಾಕು. ನಮಗೆ ಅದು ಯಮನ ದಿಕ್ಕು.

ಸಭೆಯಲ್ಲಿ, ಉಡುಪಿ ಕಡೆಯಿಂದ ಬಂದು ಹೋಟೆಲ್ ನಡೆಸುತ್ತಿದ್ದ ಹಿರಿಯರೊಬ್ಬರು ಎದ್ದರು. “ದಕ್ಷಿಣಕ್ಕೆ ಬಾಗಿಲು ಯಾರು ಇಡ್ತಾರೆ ಮಾರಾಯ್ರೆ? ಆ ಬಯಲಲ್ಲೂ ಪ್ಲಾಟು ಹಾಕಿ ಸಾಲು ತಿರುಗಿಸುವ. ಎಲ್ಲರಿಗೂ ಪೂರ್ವದ ಬಾಗಿಲು ಸಿಗ್ತದೆ.”

ಎಲ್ಲರೂ ತಲೆದೂಗಿದರು. ಒಳಗೊಳಗೆ ನಾನೂ ದೂಗಿದೆ. ಇವರು ನಕ್ಷೆ ಮಡಚತೊಡಗಿದರು. ಆ ಬಾಡಿದ ಮುಖ ನೋಡಿ ನಾನು ಎದ್ದು ನಿಂತೆ.

“ದಕ್ಷಿಣದ ಬಾಗಲಿನ ಮೊದಲನೇ ಮನಿ ನಮಗ ಇರಲಿ,” ಎಂದೆ, ಹೆಂಗಸರ ನಡುವಿನಿಂದ.

ಪಕ್ಕದಲ್ಲಿದ್ದ ಹೋಟೆಲಿನವರ ಹೆಂಡತಿ ನನ್ನ ಕೈ ಹಿಡಿದು, “ಹಾಗಾದ್ರೆ ಇವರ ಪಕ್ಕದ್ದು ನಮಗೆ,” ಎಂದುಬಿಟ್ಟರು. ಆಮೇಲೆ ಗಂಡಸರ ಮಾತೇನೂ ನಡೆಯಲಿಲ್ಲ. ಬಯಲು ಉಳಿಯಿತು.

ವಾಪಸು ಬರುವಾಗ ಇವರು ಸೈಕಲ್ ಹತ್ತದೆ, ತಳ್ಳಿಕೊಂಡೇ ನನ್ನ ಜೊತೆ ನಡೆದರು.

“ನಿನಗ ಪೂರ್ವದ ಬಾಗಲಾ ಬೇಕಿತ್ತಲ್ಲ?”

“ಬೇಕಿತ್ತು. ಈಗೂ ಬೇಕು,” ಎಂದೆ. ಸುಳ್ಳು ಹೇಳಿ ಸಮಾಧಾನ ಮಾಡುವ ಜಾಯಮಾನ ನನ್ನದಲ್ಲ. “ಆದ್ರ ಇಷ್ಟು ವರ್ಷ ಸಂಸಾರ ಮಾಡಿದ್ರೂ, ನಿಮಗೂ ಏನರೆ ಬೇಕು ಅನಸ್ತೈತಿ ಅಂತ ನನಗ ಗೊತ್ತಾಗಿದ್ದು ಇವತ್ತ, ನೀವು ನಕ್ಷಾ ಮಡಚೂದು ಕಂಡಾಗ ನೋಡ್ರಿ.”