ಲಿಂಬೆ ವಾಸನೆಯ ಮುಲಾಮು

ಶಮಶುದ್ದೀನ ಸರ್ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರು. ಮುದ್ದೇಬಿಹಾಳದ ಕಾಲೇಜಿನಲ್ಲಿ ಅವರು ರಸಾಯನಶಾಸ್ತ್ರ ಕಲಿಸುತ್ತಿದ್ದರು. ನಾನು ಪರಪ್ಪ, ಅವರ ಲ್ಯಾಬಿನ ಅಟೆಂಡರ್. ಸರ್ ಒಂದು ಕಪ್ ಚಹಾ ಸಹ ಕೂತು ಕುಡಿದವರಲ್ಲ. ಬಾಟಲಿ ತೊಳೆಯುವ ನನ್ನ ಜೀವ ಹಿಂಡುವ ಮನುಷ್ಯ. ಬೈದುಕೊಳ್ಳುತ್ತಲೇ ಅವರ ಹಿಂದೆ ಓಡುತ್ತಿದ್ದೆ.

೧೯೯೮ರ ಬೇಸಿಗೆಯಲ್ಲಿ ಅವರಿಗೊಂದು ಹುಚ್ಚು ಹಿಡಿಯಿತು. ಅವರ ಅಕ್ಕ ದಾವಲಬಿ ಇಂಡಿ ಊರಿನ ಲಿಂಬೆ ತೋಟಗಳಲ್ಲಿ ಕಾಯಿ ಆರಿಸುವವರು. ತಾಯಿ ಸತ್ತ ಮೇಲೆ ತಮ್ಮನನ್ನು ಸಾಕಿ ಓದಿಸಿದವರು ಅವರೇ. ಮೂವತ್ತು ವರ್ಷದ ಬಿಸಿಲಿಗೆ ಎರಡೂ ಗಲ್ಲಕ್ಕೆ ಬಂಗಿನ ಕಪ್ಪು ಕಲೆ ಬಿದ್ದಿತ್ತು. ನಾಲ್ಕು ಮಂದಿ ಕೂಡಿದಲ್ಲಿ ಸೆರಗನ್ನು ಮೂಗಿನ ತನಕ ಎಳೆದುಕೊಂಡು ಕೂರುತ್ತಿದ್ದರು. ಅದನ್ನು ನೋಡಿದ ದಿನ ಸರ್‌ಗೆ ಅನ್ನ ಇಳಿಯುತ್ತಿರಲಿಲ್ಲ.

ಸತುವಿನ ಬಿಳಿ ಪುಡಿ ಕಲಸಿದ ಮುಲಾಮು ಬಿಸಿಲು ತಡೆಯುತ್ತದೆ. ದಾಳಿಂಬೆ ಸಿಪ್ಪೆಯ ಸಾರ ಸೇರಿಸಿದರೆ ಇನ್ನೂ ಹೆಚ್ಚು ತಡೆದೀತು ಎಂಬುದು ಅವರ ನಂಬಿಕೆ. ಸಿಪ್ಪೆ ಒಣಗಿಸಿ ಕುಟ್ಟುವುದು ನಾನು, ಸ್ಪಿರಿಟಿನಲ್ಲಿ ನೆನೆಹಾಕಿ ಸೋಸುವುದು ಅವರು. ಪರೀಕ್ಷೆಗೆ ಯಂತ್ರವಿರಲಿಲ್ಲ. ಅರಿಷಿಣದ ಕಲೆ ಬಿಸಿಲಿಗೆ ಹಾರಿಹೋಗುತ್ತದೆಂದು ನಮ್ಮ ಹೆಂಗಸರಿಗೆಲ್ಲ ಗೊತ್ತು. ಸರ್ ಅರಿಷಿಣದ ಬಟ್ಟೆಗೆ ಅಲ್ಲಲ್ಲಿ ಮುಲಾಮು ಬಳಿದು ಮಾಳಿಗೆಯ ಮೇಲೆ ಹರವುತ್ತಿದ್ದರು. ಹಳದಿ ಉಳಿದರೆ ಮುಲಾಮು ಗೆದ್ದಂತೆ. ಹತ್ತು ನಿಮಿಷಕ್ಕೊಮ್ಮೆ ಮೆಟ್ಟಿಲು ಹತ್ತುವುದು, ಇಳಿಯುವುದು.

"ಸರ್, ಬಿಸಲು ಎಲ್ಲಿಗೂ ಓಡಿ ಹೋಗೂದಿಲ್ರಿ," ಎಂದರೆ ಕೇಳಿದವರಲ್ಲ.

ಒಂಬತ್ತನೆಯ ಬಟ್ಟೆಯಲ್ಲಿ ಹಳದಿ ನಿಂತಿತು. ಆ ರವಿವಾರವೇ ಇಬ್ಬರೂ ಇಂಡಿಗೆ ಹೋದೆವು. ದಾವಲಬಿ ಡಬ್ಬಿ ಮೂಸಿ ದೂರ ಹಿಡಿದರು.

"ಕೊಳತ ಸಿಪ್ಪಿ ನಾತ ಬರತೈತಿ, ಶಮಶು. ಇದನ್ನ ಮಾರಿಗೆ ಹೆಂಗ ಹಚ್ಚಿಕೊಳ್ಳಲಿ?"

ಮರಳಿ ಬಂದ ಸರ್ ಲಿಂಬೆ ಸಿಪ್ಪೆ ತುರಿದು ಹಿಂಡಿ, ಎಣ್ಣೆ ತೆಗೆದು ಮುಲಾಮಿಗೆ ಬೆರೆಸಿದರು. ಆಗಲೂ ಹಳದಿ ಉಳಿಯಿತು. ಮುಂದಿನ ರವಿವಾರ ಮತ್ತೆ ಹೋಗಿ, "ಎಂಟು ದಿನ ಎಡಗಲ್ಲಕ್ಕಷ್ಟ ಹಚ್ಚು, ಆಪಾ. ಬಲಗಲ್ಲ ಬಿಡು, ಫರಕ ನೋಡೂಣು," ಎಂದು ಕೊಟ್ಟು ಬಂದರು. ದಾವಲಬಿ ಮೂಸಿದರು, ತಮ್ಮನ ಮುಖ ನೋಡಿದರು, ಡಬ್ಬಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡರು.

ಎಂಟು ದಿನ ಎಂದವರಿಗೆ ನಾಲ್ಕು ದಿನ ತಡೆಯಲಾಗಲಿಲ್ಲ. ರಜೆ ಹಾಕಿ, ನನ್ನನ್ನೂ ಎಳೆದುಕೊಂಡು ಹೊರಟರು. ಬಸವನ ಬಾಗೇವಾಡಿಯಲ್ಲಿ ಬಸ್ಸು ನಿಂತಷ್ಟು ಹೊತ್ತೂ ಅದರ ಸುತ್ತ ತಿರುಗಿದರು. ಕಂಡಕ್ಟರ್ ಬೈದ ಮೇಲೆ ಹತ್ತಿದರು.

ದಾವಲಬಿ ಸೆರಗು ಸರಿಸಿದರು. ಬಲಗಲ್ಲ ಇದ್ದ ಹಾಗೇ ಇತ್ತು. ಎಡಗಲ್ಲಕ್ಕೆ ಸುಟ್ಟ ಹಾಗೆ ಬೊಬ್ಬೆ ಎದ್ದಿತ್ತು. ಬೊಬ್ಬೆ ಒಡೆದಲ್ಲಿ ಚರ್ಮ ಕಪ್ಪಾಗಿತ್ತು.

"ಲಿಂಬಿ ಹಿಂಡಿದ ಕೈಲೆ ಬಿಸಲಿಗೆ ಹೋದರ ಹಿಂಗ ಆಗತೈತಿ," ಎಂದರು ಅವರು. "ಅದಕ್ಕ ನಾವು ಕೈ ತೊಳಕೊಂಡ ಹೊರಗ ಬೀಳೂದು."

"ಗೊತ್ತಿದ್ದೂ ಯಾಕ ಹಚ್ಚಿಕೊಂಡಿ, ಆಪಾ?"

"ನೀ ಓದಿದವ. ಅದರ ಸುಡೂ ಗುಣ ತಗದಿರ್ತಿ ಅಂದ್ಕೊಂಡೆ."

ಸರ್ ಹೊಸ್ತಿಲ ಮೇಲೆ ಕೂತುಬಿಟ್ಟರು. ಅವರು ಓಡಾಡುವಾಗ ಬೈಯುತ್ತಿದ್ದ ನನಗೆ ಅವರು ಕೂತದ್ದು ನೋಡಿ ಹೆದರಿಕೆಯಾಯಿತು. ಬಟ್ಟೆಗೆ ಹಚ್ಚಿ ನೋಡಿದ್ದೆವು, ಒಂದು ದಿನವೂ ನಮ್ಮ ಚರ್ಮಕ್ಕೆ ಹಚ್ಚಿಕೊಂಡಿರಲಿಲ್ಲ. ನನಗೂ ನಾಚಿಕೆಯಾಯಿತು.

ಹೊರಡುವಾಗ ದಾವಲಬಿ ಡಬ್ಬಿ ಖಾಲಿ ಮಾಡಿ, ತೊಳೆದು ತಮ್ಮನ ಕೈಗೆ ಕೊಟ್ಟರು. "ಬಲಗಲ್ಲ ಇನ್ನೂ ಐತಲ್ಲ. ಲಿಂಬಿ ಬಿಟ್ಟು ಮಾಡ್ಕೊಂಡು ಬಾ. ನಾತ ಬಂದರ ಬರಲಿ."

ಲಿಂಬೆ ಇಲ್ಲದ ಮುಲಾಮು ಮರುವಾರವೇ ತಯಾರಾಯಿತು. ಆದರೆ ಇಂಡಿಗೆ ಹೋಗಲಿಲ್ಲ. ಸರ್ ಅದನ್ನು ತಮ್ಮ ಎಡಗಲ್ಲಕ್ಕೆ ಹಚ್ಚಿಕೊಂಡು, ನಡುಹಗಲಿಗೆ ಮಾಳಿಗೆ ಹತ್ತಿ ಬಿಸಿಲಿಗೆ ಮುಖ ಕೊಟ್ಟು ಕೂತರು.

"ಇಳದು ಬರ್ರಿ ಸರ್, ಚಹಾ ಆರಾಕತ್ತೈತಿ," ಎಂದು ಕೂಗಿದೆ.

"ಇನ್ನೂ ಎಂಟು ದಿನ ಐತಿ, ಪರಪ್ಪಾ."

ಚಹಾ ಮೇಲಕ್ಕೇ ಒಯ್ದೆ. ಕೂತೇ ಕುಡಿದರು.