ವಿಮೆಯ ಅರ್ಜಿಯಲ್ಲಿ ಅವ್ವ

ಕುಷ್ಟಗಿಯ ನಮ್ಮ ಬೀಜದ ಕಂಪನಿಯಲ್ಲಿ ಹೆಂಗಸರೇ ಹೆಚ್ಚು. ಆದರೂ ಆರೋಗ್ಯ ವಿಮೆಗೆ ತಂದೆತಾಯಿಯ ಹೆಸರು ಬರೆಸುವ ಹಕ್ಕು ಗಂಡಸರಿಗಷ್ಟೇ ಇತ್ತು, ಮದುವೆಯಾದ ನಮಗಿರಲಿಲ್ಲ. ವರ್ಷವಿಡೀ ಸಹಿ ಸಂಗ್ರಹಿಸಿ ಕೊಪ್ಪಳದ ವಿಮಾ ಕಚೇರಿಗೆ ಹೋದೆವು.

"ಮದುವಿ ಆದಮ್ಯಾಲ ಅತ್ತಿ-ಮಾವನೇ ನಿಮ್ಮ ಕುಟುಂಬರಿ," ಎಂದರು ಅಧಿಕಾರಿ.

ನನಗೆ ಮೈ ಉರಿಯಿತು. "ಸಾಹೇಬ್ರ, ನಿಮ್ಮ ಮನಿಯವ್ರು ಚೊಚ್ಚಲ ಬಾಣಂತನಕ್ಕ ಎಲ್ಲಿಗೆ ಹೋಗಿದ್ರು?"

"ತವರಮನಿಗೆ."

"ಬಾಣಂತನ ಮಾಡಾಕ ಬೇಕಾದ ಅವ್ವ, ಜಡ್ಡಾಗಿ ಬಿದ್ದಾಗ ಬ್ಯಾಡೇನ್ರಿ?"

ಅವರು ತಲೆ ತಗ್ಗಿಸಿ ನಮ್ಮ ಮನವಿ ತೆಗೆದುಕೊಂಡರು. ಮರುವರ್ಷ ನಿಯಮ ಬದಲಾಯಿತು. ಹೊಸ ಅರ್ಜಿಯಲ್ಲಿ ಅವ್ವನ ಹೆಸರು ಬರೆದು, ಮನೆಯಲ್ಲಿ ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿದೆ. ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಅವರು ನನ್ನ ತಲೆ ಸವರಿ ಅಂದರು:

"ನಮ್ಮವ್ವ ಇದ್ದಾಗ ಎಲ್ಲಿದ್ದಿಬೇ ನೀ?"