ಕೋವಿಯ ಮೂತಿಗೆ ಥ್ರೆಡ್ ಹಾಕಿಸುವುದೋ ಬೇಡವೋ

ಎಪ್ಪತ್ತು ದಾಟಿದ ಅಜ್ಜಿಯ ಬಲಭುಜ ಬದನೆಕಾಯಿ ಬಣ್ಣಕ್ಕೆ ತಿರುಗಿದ್ದರೆ ನೀವು ಏನೆಂದುಕೊಳ್ಳುತ್ತೀರಿ, ಹೇಳಿ? ಬಚ್ಚಲಲ್ಲಿ ಜಾರಿದಳು ಅಂತ ತಾನೆ? ಈ ಪರದೇಶದ ಊರು ಐಸೆಲಿನ್‌ನ ದಿನಸಿ ಅಂಗಡಿಯಲ್ಲಿ ನುಗ್ಗೆಕಾಯಿ ಆರಿಸುತ್ತಿದ್ದ ಆಂಟಿಯೊಬ್ಬರೂ ನನ್ನ ಮುಲಾಮಿನ ವಾಸನೆಗೆ ತಿರುಗಿ ನೋಡಿ, "ಬಾತ್‌ರೂಮಿಗೆ ಹಿಡಿಕೆ ಹಾಕಿಸ್ಕೊಳ್ರೀ" ಎಂದು ಬುದ್ಧಿ ಹೇಳಿದರು. ಸುಮ್ಮನೆ ತಲೆಯಾಡಿಸಿದೆ. ಕೋವಿ ಒದ್ದದ್ದು ಎಂದಿದ್ದರೆ ನುಗ್ಗೆಕಾಯಿ ಅಲ್ಲೇ ಬಿಟ್ಟು ಓಡುತ್ತಿದ್ದರು. ಈಗ ಫೋನಿನಲ್ಲಿ ಒಂದೇ ಬೆರಳಿಂದ ಇದನ್ನು ಒತ್ತುವಾಗಲೂ ಭುಜ ಅಯ್ಯೋ ಎನ್ನುತ್ತಿದೆ.

ನಾನು ಕೊಡಗಿನವಳು. ಅಣ್ಣಂದಿರಿಗಿಂತ ಮೊದಲು ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೆದವಳು. ಆ ಜಂಬ ಇನ್ನೂ ಇಳಿದಿಲ್ಲ. ಇಳಿದಿರುವುದು ಭುಜದ ಬಲ. ನಾಲ್ಕು ವರ್ಷದ ಹಿಂದೆ ಯಜಮಾನರು ಹೋದ ಮೇಲೆ ಅವರ ಜಿಂಕೆ ಬೇಟೆಯ ರೈಫಲ್ ನನ್ನದಾಯಿತು. ತಿಂಗಳಿಗೊಮ್ಮೆ ಮೊಮ್ಮಗಳು ದೇಚು ನನ್ನನ್ನು ರೇಂಜಿಗೆ ಕರೆದೊಯ್ಯುತ್ತಾಳೆ. ಐದು ಗುಂಡು ಹೊಡೆಯುತ್ತೇನೆ, ಐದು ದಿನ ನರಳುತ್ತೇನೆ.

"ಅಜ್ಜಿ, ಲಿಸನ್. ಗನ್ ಸರಿ ಮಾಡ್ಸಿ, ಇಲ್ಲಾಂದ್ರೆ ಶೂಟಿಂಗ್ ಬಿಡಿ. ನಾನಿನ್ನು ಡ್ರೈವ್ ಮಾಡಲ್ಲ" ಎಂದಳು.

ವುಡ್‌ಬ್ರಿಡ್ಜ್ ಕಡೆ ಕೋವಿ ರಿಪೇರಿಯ ಮುದುಕನೊಬ್ಬನಿದ್ದಾನೆ. ನಳಿಗೆಯ ತುದಿಗೆ ಥ್ರೆಡ್, ಅಂದರೆ ತಿರುಪಿನ ಗೀರು, ಕೊರೆದು, ಮಝಲ್ ಬ್ರೇಕ್ ಎಂಬ ತೂತು ತೂತಿನ ಪುಟ್ಟ ಕೊಳವೆ ತಿರುಗಿಸಿ ಕೂರಿಸಿದರೆ ಒದೆತ ಇಳಿಯುತ್ತದಂತೆ. "ಸದ್ದು ಮಾತ್ರ ಜೋರಾಗುತ್ತೆ. ಆಮೇಲೆ, ಒಮ್ಮೆ ಕೊರೆದರೆ ಕೊರೆದ ಹಾಗೇ" ಎಂದ.

ಎರಡು ತಿಂಗಳು ಮೀನಮೇಷ ಎಣಿಸಿದೆ. ಹೂ ಎಲ್ಲಿ ಸಿಕ್ಕಿಸುವುದು ಎನ್ನುವುದು ನನ್ನ ತಕರಾರು. ಕೈಲ್‌ಪೊಳ್ದ್ ಹಬ್ಬಕ್ಕೆ ನಾವು ಕೋವಿ ಪೂಜಿಸಿ ನಳಿಗೆಯ ಬಾಯಿಗೆ ತೋಕ್‌ಪೂ ಇಡುವವರು. ನಾವಿರುವ ಮೆಟುಚೆನ್‌ನಲ್ಲಿ ಆ ಹೂ ಎಲ್ಲಿ? ಯಜಮಾನರು ಈ ರೈಫಲ್ ಕೊಂಡ ವರ್ಷ ಪಕ್ಕದ ಮನೆಯ ಕುಂಡದಿಂದ ಸೇವಂತಿಗೆ ಕೇಳಿದೆ. "ಯಾರಿಗೆ?" ಎಂದಳು ಆಕೆ. "ಗನ್ನಿಗೆ" ಎಂದೆ. ಹೂ ಕೊಟ್ಟಳು, ಮಗುವನ್ನು ಒಳಗೆ ಎಳೆದುಕೊಂಡಳು. ಅದರ ಮುಂದಿನ ವಾರ ರೇಂಜಿನ ಮೇಲ್ವಿಚಾರಕ ನಳಿಗೆಯೊಳಗೆ ಟಾರ್ಚ್ ಬಿಟ್ಟು ನೋಡಿದರೆ ಒಣಗಿದ ಎಸಳು! ನಮ್ಮವರು ತಲೆ ತಗ್ಗಿಸಿಕೊಂಡು ಮನೆಗೆ ಬಂದು, "ಹೂ ಇಡಲು ಗೊತ್ತು, ತೆಗೆಯಲು ಗೊತ್ತಿಲ್ಲ ನಿನಗೆ" ಎಂದು ಸಿಡುಕಿದ್ದರು.

ಹೂ ಬರೀ ನೆಪ, ನಿಮ್ಮಲ್ಲಿ ಮುಚ್ಚಿಡುವುದೇಕೆ? ಅವರು ಮೂವತ್ತು ವರ್ಷ ಹಲ್ಲು ಕಚ್ಚದೆ ತಡೆದ ಒದೆತ ನನ್ನಿಂದ ಆಗದು ಎಂದು ಒಪ್ಪಿಕೊಳ್ಳಬೇಕಲ್ಲ! ಜೊತೆಗೆ, ಅವರು ಮಗುವಿನ ಹಾಗೆ ಒರೆಸುತ್ತಿದ್ದ ನಳಿಗೆಗೆ ನಾನು ಗಾಯ ಮಾಡುವುದೇ? ಮಾಡದಿದ್ದರೆ ಅದು ಬೀರುವಿನಲ್ಲೇ ಮೂಕವಾಗುತ್ತದೆ, ನಾನು ಸೋಫಾದ ಮೇಲೆ.

ಕಳೆದ ಶನಿವಾರ ದೇಚುವಿನ ಜೊತೆ ಹೋಗಿ ಕೋವಿಯನ್ನು ಮುದುಕನ ಮೇಜಿನ ಮೇಲಿಟ್ಟೆ. "ಕೊರೆಯಪ್ಪಾ. ಆದರೆ ಯಾರಾದರೂ ಕೇಳಿದರೆ ಗುರಿಗೋಸ್ಕರ ಅಂತ ಹೇಳು. ನನ್ನ ಭುಜದ ಸುದ್ದಿ ಎತ್ತಬೇಡ" ಎಂದೆ.

ಅವನು ನಳಿಗೆಯನ್ನು ಅಳೆಯುತ್ತಾ, ತಲೆ ಕೂಡ ಎತ್ತದೆ ಅಂದ: "ನಿಮ್ಮ ಗಂಡನೂ ಇದೇ ಕೋವಿ ತಂದು ಮೂರು ಸಲ ಇದನ್ನೇ ಹೇಳಿ, ಮೂರು ಸಲವೂ ಹೆಂಡತಿ ನಗ್ತಾಳೆ ಅಂತ ವಾಪಸ್ ತಗೊಂಡು ಹೋದರು."